ನಾನೂರ ಹನ್ನೆರಡು ಪ್ರತಿಗಳು

ಮುಳುಗುತ್ತಿರುವವರು ಕೈ ಚಾಚಿದಾಗ ನೀರಿನ ಗುಣಧರ್ಮಗಳ ಕುರಿತು ಪಾಠ ಮಾಡಿ, ಮನೆಗೆ ಹೋಗಿ ನೆಮ್ಮದಿಯಾಗಿ ಉಂಡವರಲ್ಲಿ ನೀವೂ ಒಬ್ಬರಲ್ಲವೇ? ಅಲ್ಲವೆಂದು ತಲೆಯಾಡಿಸುವ ಮೊದಲು, ಹೌಕಿರಂತಾ ಪಟ್ಟಣದ ಇರ್ಮೆಲಿಯವರಿಗೆ ಒದಗಿದ ಗುರುವಾರದ ಕಥೆಯನ್ನು ಕೇಳಿ.

ಇರ್ಮೆಲಿ ಕೆರೆದಂಡೆಯ ತೋಟಗಾರರ ಸಂಘದ ಕಾರ್ಯದರ್ಶಿ. ಆ ದಂಡೆಯ ನಲವತ್ತೇಳು ಪುಟ್ಟ ತೋಟಗಳನ್ನು ಅಳಿಸಿ ವಾಹನ ನಿಲ್ದಾಣ ಮಾಡಬೇಕೆಂದು ಪಟ್ಟಣದ ಸಭೆ ತೀರ್ಮಾನಿಸಿತ್ತು. ಅದರ ವಿರುದ್ಧದ ಮೇಲ್ಮನವಿ ಆ ದಿನ ಸಂಜೆ ನಾಲ್ಕೂ ಕಾಲು ಗಂಟೆಯೊಳಗೆ ನ್ಯಾಯಾಲಯವನ್ನು ತಲುಪಬೇಕಿತ್ತು. ಚಳಿಗಾಲವಿಡೀ ಕೂತು ಬರೆದ ಹದಿನಾಲ್ಕು ಪುಟಗಳು ಅವರ ಲ್ಯಾಪ್‌ಟಾಪಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಲ್ಯಾಪ್‌ಟಾಪೋ, ಬೆಳಗಿನಿಂದ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳನ್ನು ಸುರಿಸಿ, 'ಡಿಸ್ಕಿನಲ್ಲಿ ಜಾಗವಿಲ್ಲ' ಎಂಬ ಸಾಲಿಗೆ ಬಂದು ನಿಂತುಬಿಡುತ್ತಿತ್ತು.

ಆ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಟ್ಟವರು ನೆರೆಯ ತೋಟದ ಅಹ್ತಿ, ನಿವೃತ್ತ ಗಣಿತ ಉಪಾಧ್ಯಾಯರು. ಸ್ವಾತಂತ್ರ್ಯದ ಬಗ್ಗೆ ಎರಡು ಗಂಟೆ ಉಪನ್ಯಾಸ ಕೊಟ್ಟು, ಹತ್ತು ನಿಮಿಷದಲ್ಲಿ ಹಾಕಿ ಮುಗಿಸಿದ್ದರು. ಗುರುವಾರ ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಲಿನಕ್ಸ್ ಬಳಗ ಸೇರುವುದು ವಾಡಿಕೆ. ಬಳಗವೆಂದರೆ ಅಹ್ತಿ, ಅವರ ಗೆಳೆಯ ಉರ್ಪೊ, ಒಂದು ಹೂಜಿ ಕಾಫಿ ಮತ್ತು ಏಲಕ್ಕಿ ಬನ್ನುಗಳು. ಇರ್ಮೆಲಿ ಅಲ್ಲಿಗೆ ಓಡಿಬಂದಾಗ ಮೂರೂ ಹತ್ತು.

"ನಾಲ್ಕೂ ಕಾಲಿಗೆ ಕಳಿಸ್ಬೇಕು ಕಣೋ ಅಹ್ತಿ. ಇಲ್ಲಾಂದ್ರೆ ನಿನ್ನ ಆಲೂಗಡ್ಡೆ ಮೇಲೂ ಕಾರು ನಿಲ್ಲುತ್ತೆ."

"ಗಾಬರಿ ಬೇಡ. ದಿನಾ ರಾತ್ರಿ ನಿನ್ನ ಯಂತ್ರ ತನ್ನ ಪ್ರತಿ ತಾನೇ ತೆಗೆದಿಡೋ ಹಾಗೆ ಮಾಡಿದ್ದೀನಲ್ಲ. ಇವತ್ತಿಗೆ ನಾನೂರ ಹನ್ನೆರಡು ಪ್ರತಿ ಇರ್ಬೇಕು."

"ಎಲ್ಲಿ ಇಟ್ಟಿದ್ದೀಯ?"

"ಇನ್ನೆಲ್ಲಿ? ಅದೇ ಡಿಸ್ಕಲ್ಲಿ."

"ಅಂದ್ರೆ ಅವೇ ಜಾಗ ತಿಂದಿವೆ. ಹೋಗ್ಲಿ, ಅವುಗಳಲ್ಲಿ ನನ್ನ ಮನವಿ ಇದೆ ತಾನೇ?"

"ಇಲ್ಲ ಕಣೇ. ಅವು ಲಿನಕ್ಸ್ ವ್ಯವಸ್ಥೆಯ ಪ್ರತಿಗಳು. ನೀನು ಬರೆದದ್ದು ಅದರಲ್ಲಿ ಸೇರಲ್ಲ."

ಎಂಥ ಮುಂದಾಲೋಚನೆ! ಬೆಲೆಬಾಳುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನಾನೂರ ಹನ್ನೆರಡು ಸಲ ಕಾಪಾಡಲಾಗಿತ್ತು.

"ಹಾಗಾದ್ರೆ ಅಳಿಸು ಮಾರಾಯ."

"ಕಾರಣ ತಿಳೀದೆ ಅಳಿಸೋದು ಅಶಿಸ್ತು," ಎಂದು ಅಹ್ತಿ ಬನ್ನು ಮುರಿದರು. "ಮೊದಲು ಕೈಪಿಡಿ ಓದು. ನೀನೇ ಕಲೀಬೇಕು."

ಉರ್ಪೊ ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ಅದರಿಂದ ಯಂತ್ರವನ್ನು ಎಬ್ಬಿಸಿ ಹದಿನಾಲ್ಕು ಪುಟಗಳನ್ನು ಹೊರಗೆಳೆಯಲು ಐದು ನಿಮಿಷ ಸಾಕಿತ್ತು. ಆದರೆ ಅದರಲ್ಲಿದ್ದದ್ದು ಅಹ್ತಿ ಒಪ್ಪದ ಬೇರೊಂದು ಬಗೆಯ ಲಿನಕ್ಸ್.

"ಆ ಕಸಾನ ಈ ಯಂತ್ರಕ್ಕೆ ಚುಚ್ಚಬೇಡ!"

"ಕಸ ಯಾವುದು ಅಂತ ಪರದೇನೇ ಹೇಳ್ತಿದೆಯಲ್ಲಪ್ಪ, ಮೇಷ್ಟ್ರೇ."

ಯಾವುದು ಶುದ್ಧ ಎಂಬ ವಾಗ್ವಾದ ಮೂರೂ ಐವತ್ತರವರೆಗೆ ನಡೆಯಿತು. ನಲವತ್ತೇಳು ಕುಟುಂಬಗಳ ಸೇಬಿನ ಮರಗಳು ಕಾಯುತ್ತಿದ್ದವು, ತತ್ತ್ವವೆಂದರೆ ತತ್ತ್ವ! ಇರ್ಮೆಲಿ ಬೇಡಿದರು, ಗದರಿದರು, ಕೊನೆಗೆ ಇಬ್ಬರ ಜಗಳಕ್ಕೂ ಕಿವಿಗೊಟ್ಟರು. ಇವರು ಕೇಳಿದ್ದಕ್ಕೆ ಉತ್ತರ ಕೊಡುವವರಲ್ಲ, ಆದರೆ ಒಂದು ತಪ್ಪು ಮಾತು ಕಿವಿಗೆ ಬಿದ್ದರೆ ತಿದ್ದದೆ ಉಸಿರಾಡಲಾರರು. ಅದು ಹೊಳೆದದ್ದೇ ತಡ, ಇರ್ಮೆಲಿ ದನಿಯೇರಿಸಿದರು.

"ಬಿಡಿ, ನಂಗೆ ಗೊತ್ತಾಯ್ತು. ಆನ್ ಮಾಡುವಾಗ ಎಫ್ ಎಂಟು ಕೀಲಿ ಒತ್ತಿದ್ರೆ ರಿಪೇರಿ ಪಟ್ಟಿ ಬರುತ್ತೆ."

ವಾಗ್ವಾದ ತಟ್ಟನೆ ನಿಂತಿತು. "ಎಫ್ ಎಂಟಾ!" ಅಹ್ತಿಯವರ ಮುಖ ಕೆಂಪೇರಿತು. "ಅದು ವಿಂಡೋಸ್‌ನವರ ಚಾಳಿ. ಶಿಫ್ಟ್ ಹಿಡೀಬೇಕು."

"ಶಿಫ್ಟ್ ಹಳೇ ಯಂತ್ರಕ್ಕೆ," ಎಂದರು ಉರ್ಪೊ. "ಇದಕ್ಕೆ ಎಸ್ಕೇಪ್."

ಇರ್ಮೆಲಿ ಯಂತ್ರವನ್ನು ಆರಿಸಿ, ಮತ್ತೆ ಆನ್ ಮಾಡುತ್ತ ಎಸ್ಕೇಪ್ ಒತ್ತಿದರು. ಪಟ್ಟಿ ಬಂತು. "ಈಗ ಇಡೀ ಡಿಸ್ಕನ್ನೇ ಒರೆಸಿಬಿಡೋದು, ಅಲ್ವಾ?"

"ಅಯ್ಯೋ, ಹುಚ್ಚಾ ನಿಂಗೆ?" ಅಹ್ತಿ ಎದ್ದು ನಿಂತರು. "ಹಳೇ ಪ್ರತಿ ಒಂದಿಷ್ಟು ಅಳಿಸಿದ್ರೆ ಸಾಕು!"

"ಹಾಗಾದ್ರೆ ಒಂದೊಂದೇ ಕಡತ ಹುಡುಕಿ ಅಳಿಸ್ತೀನಿ."

"ಅದಕ್ಕೇ ಅಂತ ಒಂದು ಆದೇಶ ಇದೆ ಕಣೇ! ಬರ್ಕೋ," ಎಂದು ಅಹ್ತಿ ಅಕ್ಷರಕ್ಕಕ್ಷರ ಹೇಳಿಕೊಟ್ಟರು.

"ಮೊದಲು ಡಿಸ್ಕಿಗೆ ಬರೆಯೋ ಅನುಮತಿ ತಗೋಬೇಕು, ಅದನ್ನ ಮರೆತೆ ನೋಡು," ಎಂದು ಉರ್ಪೊ ಇನ್ನೊಂದು ಸಾಲು ಸೇರಿಸಿದರು.

ಇರ್ಮೆಲಿ ಎರಡು ಸಾಲನ್ನೂ ಬೆರಳಚ್ಚಿಸಿದರು. ಅತಿ ಹಳೆಯ ಮೂವತ್ತು ಪ್ರತಿಗಳು ಒಂದೊಂದಾಗಿ ಹೋದವು. ನಾಲ್ಕೂ ಒಂಬತ್ತಕ್ಕೆ ಯಂತ್ರ ಎದ್ದಿತು. ನಾಲ್ಕೂ ಹದಿಮೂರಕ್ಕೆ ಮೇಲ್ಮನವಿ ಹೊರಟಿತು. ಮರುನಿಮಿಷವೇ ನ್ಯಾಯಾಲಯದಿಂದ ಸ್ವೀಕೃತಿ ಬಂತು. ಆಗಷ್ಟೇ ಇರ್ಮೆಲಿ ಕಾಫಿ ಬಗ್ಗಿಸಿಕೊಂಡು ಬನ್ನಿಗೆ ಕೈ ಹಾಕಿದರು.

"ನೋಡಿದ್ಯಾ, ನೀನೇ ಕಲಿತೆ," ಎಂದರು ಅಹ್ತಿ, ತೃಪ್ತಿಯಿಂದ.

"ಹೌದಪ್ಪ. ನಿಮ್ಮಿಬ್ಬರನ್ನ ಚಾಲೂ ಮಾಡೋದು ಹೇಗೆ ಅಂತ ಕಲಿತೆ. ಅದರ ಕೈಪಿಡಿ ಎಲ್ಲೂ ಸಿಕ್ಕಿರ್ಲಿಲ್ಲ."

ಬಳಗದ ಅಂದಿನ ನಡಾವಳಿಯಲ್ಲಿ 'ಸದಸ್ಯರ ಸಕಾಲಿಕ ಮಾರ್ಗದರ್ಶನದಿಂದ ತೋಟಗಳ ಮೇಲ್ಮನವಿ ಸಲ್ಲಿಕೆಯಾಯಿತು' ಎಂದು ಬರೆಯಲಾಗಿದೆ. ಪ್ರತಿ ತೆಗೆಯುವ ವ್ಯವಸ್ಥೆಯನ್ನು ಯಾರೂ ಬದಲಿಸಿಲ್ಲ. ಆ ಡಿಸ್ಕು ಈಗಲೂ ರಾತ್ರಿ ರಾತ್ರಿ ತುಂಬುತ್ತಿದೆ. ತಮ್ಮ ಆದರ್ಶವನ್ನು ಇನ್ನೊಬ್ಬರ ಮೇಜಿನ ಮೇಲೆ ಸ್ಥಾಪಿಸಿ, ಆ ಬಳಿಕ ಅತ್ತ ತಿರುಗಿಯೂ ನೋಡದವರು ಹೌಕಿರಂತಾದಲ್ಲಿ ಮಾತ್ರ ಇದ್ದಾರೆಂದು ನಾನು ನಂಬುವುದಿಲ್ಲ. ನೀವು ಯಾರ ಯಂತ್ರಕ್ಕಾದರೂ ಏನನ್ನಾದರೂ ಹಾಕಿಕೊಟ್ಟಿದ್ದರೆ, ದಯವಿಟ್ಟು ಇಂದೇ ಅವರ ಮನೆಗೆ ಹೋಗಿ, ಬಾಯಿ ಮುಚ್ಚಿಕೊಂಡು, ಅದರಲ್ಲಿ ಇನ್ನೆಷ್ಟು ಜಾಗ ಉಳಿದಿದೆಯೆಂದು ನೋಡಿ ಬನ್ನಿ.