ದೊಡ್ಡವರಿಗೆ ನಿಂಬೆಹಣ್ಣು

ತಾಮ್ರಪರ್ಣಿ ದಂಡೆಯ ನಮ್ಮೂರಲ್ಲಿ ಮಕ್ಕಳ ಕೋರ್ಟಿನ ಜಡ್ಜು ಎತ್ತರದ ಮರದ ಕಟ್ಟೆ ಮೇಲೆ ಕೂರುತ್ತಿದ್ದರು. ಹಳೇ ಸೈಕಲ್ಲಿನ ಕೇಸಿಗೆ ಸಿಂಹಾಸನ ಬೇರೆ ಕೇಡು! ಸೈಕಲ್ ಕದ್ದೆನೆಂದು ನನಗೆ ಕೈಕೋಳ ಹಾಕಿ ಆ ಕಟ್ಟೆಯ ಕೆಳಗೆ ನಿಲ್ಲಿಸಿದ್ದರು. ದೊಡ್ಡವರ ಮುಂದೆ ನಾವು ಬರಿಗೈಲಿ ಹೋಗುವವರಲ್ಲ. ಅಮ್ಮ ಚಪ್ಪಲಿ ಹೊರಗೆ ಬಿಟ್ಟು ಬಂದು, ಜಡ್ಜಿಗೆ ಮರ್ಯಾದೆಯ ನಿಂಬೆಹಣ್ಣು ಎತ್ತಿ ಹಿಡಿದಳು. ಕೈ ಎಟುಕಲಿಲ್ಲ. ಹಣ್ಣು ಜಾರಿ ಪೊಲೀಸರ ಬೂಟಿನ ಹತ್ತಿರ ಉರುಳಿತು. ಎಲ್ಲರೂ ನಕ್ಕರು.

ಬಗ್ಗಿ ಅದನ್ನು ಎತ್ತಿಕೊಟ್ಟವರು ವಕೀಲೆ ತಿಲಕವತಿ ಅಕ್ಕ. "ಮಕ್ಕಳ ಮಾತು ಕೇಳೋಕೆ ಅಷ್ಟು ಮೇಲೆ ಯಾಕ್ರೀ ಹತ್ತಬೇಕು? ಕಾನೂನೇ ಇಂಥ ಕಟ್ಟೆ ಬೇಡ ಅನ್ನುತ್ತಲ್ಲ!" ಎಂದು ಅವತ್ತು ತೆಗೆದ ಜಗಳವನ್ನು ಅವರು ನಾನು ಬಡಗಿಯಾಗುವ ತನಕ ಬಿಡಲಿಲ್ಲ. ಮೊದಲು ಕೈಕೋಳ ಹೋಯಿತು, ಆಮೇಲೆ ಒಳಗೆ ಖಾಕಿ ಬರುವುದು ನಿಂತಿತು. ಕೊನೆಗೆ ಕಟ್ಟೆ ತೆಗೆಯಲು ಆದೇಶ ಬಂತು.

"ಲೋ ಸುಡಲೈ, ಸುತ್ತಿಗೆ ತಗೊಂಡು ಬಾ. ನೀನೇ ಒಡೀಬೇಕು," ಅಂದರು ಅಕ್ಕ.

ಮನಸಾರೆ ಒಡೆದೆ. ಅದೇ ಹಲಗೆಯಲ್ಲಿ ಎಲ್ಲರೂ ಸುತ್ತ ಕೂರುವಂಥ ಮೇಜು ಮಾಡಿದೆ. ಅದನ್ನು ಇಟ್ಟ ದಿನ ಅಮ್ಮ ನಿಂಬೆಹಣ್ಣು ಹಿಡಿದು ಬಂದಳು.

"ಇವತ್ತು ನಮ್ಮ ಕೇಸೇ ಇಲ್ವಲ್ಲಮ್ಮಾ!"

"ಅವತ್ತು ಭಯಕ್ಕೆ ತಂದಿದ್ದೆ ಕಣೋ. ಇವತ್ತು ಸಂತೋಷಕ್ಕೆ."

ಹೊಸ ಜಡ್ಜಮ್ಮ ನಗುತ್ತ ಕೈ ಚಾಚಿದರು. ಅಮ್ಮ ಅವರಿಗೆ ಕೈಮುಗಿದು, ಮುಂದೆ ಹೋಗಿ, ಹಣ್ಣನ್ನು ತಿಲಕವತಿ ಅಕ್ಕನ ಕೈಗಿಟ್ಟಳು.

"ಅಯ್ಯೋ, ನಾನೇನು ಜಡ್ಜಾ?" ಅಕ್ಕ ರೇಗಿದರು.

"ಅವತ್ತು ಬಗ್ಗಿದೋರು ನೀವೊಬ್ಬರೇ. ದೊಡ್ಡೋರಿಗೇ ಕೊಡ್ತಿರೋದು, ತಗೊಳ್ಳಿ."