ತೂಬಿನೊಳಗೆ ಶಾಕೀರಾಳ ಬ್ಯಾಟರಿ

ಸವಣೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜಮಾಲಸಾಬ ರೇಡಿಯೋ ರಿಪೇರಿ ಮಾಡುತ್ತಿದ್ದ ಅಂಗಡಿಯನ್ನು ಈಗ ಅವನ ಮಗಳು ಶಾಕೀರಾ ನಡೆಸುತ್ತಿದ್ದಳು. ಕೆಟ್ಟ ಟಾರ್ಚುಗಳನ್ನು, ಊರ ಮಾತಿನಲ್ಲಿ ಕೈಬ್ಯಾಟರಿಗಳನ್ನು, ರಿಪೇರಿ ಮಾಡುತ್ತ ಮಾಡುತ್ತ, ಒಳಗಿನದನ್ನೆಲ್ಲ ಕಿತ್ತು ತನ್ನದೇ ಸರ್ಕ್ಯೂಟು, ತನ್ನದೇ ಎಲ್‌ಇಡಿ ಕೂಡಿಸುವ ಹುಚ್ಚು ಆಕೆಗೆ ಹತ್ತಿಬಿಟ್ಟಿತ್ತು. ಪೇಟೆಯಲ್ಲಿ ಇಪ್ಪತ್ತು ಬಗೆಯ ಬ್ಯಾಟರಿ ಸಿಗುವಾಗ ಇದೇನು ಕೆಲಸ ಎಂದು ಗಂಡ ಇನಾಯತ ಕೇಳುತ್ತಿದ್ದ. ಆಕೆ ಇನ್ನೊಂದನ್ನು ಬಿಚ್ಚಲು ಎತ್ತಿಕೊಳ್ಳುತ್ತಿದ್ದಳು.

ಹಂಸಭಾವಿ ಕಡೆಯ ಒಂದು ಊರಿನ ಕೆರೆ ನೋಡಿಕೊಂಡು ಹೊಲಗಳಿಗೆ ನೀರು ಬಿಡುವ ನೀರಗಂಟಿ ಮಲ್ಲೇಶಪ್ಪ ಆಕೆಯ ಹೆಸರು ಕೇಳಿ ಎರಡು ಬಸ್ಸು ಬದಲಿಸಿ ಬಂದ. ಕೆರೆಯ ಏರಿಯ ಅಡಿಯಲ್ಲಿ ನೀರು ಹಾಯುವ ಕಲ್ಲಿನ ತೂಬು ಇದೆ. ಪ್ರತಿ ವರ್ಷ ನೀರು ಬಿಡುವ ಮೊದಲು ಆತ ಬಗ್ಗಿಕೊಂಡು ಒಳಗೆ ಹೋಗಿ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಗೋಡೆ ನೋಡಬೇಕು. ಪೇಟೆಯ ಬ್ಯಾಟರಿ ದೂರಕ್ಕೆ ಒಂದು ತಟ್ಟೆಯಷ್ಟು ಬೆಳಕು ಬಿಡುತ್ತದೆ, ಪಕ್ಕದ ಗೋಡೆ ಕಾಣುವುದಿಲ್ಲ. ಮೇಲಾಗಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಆತನ ಬಲಗೈ ಹೆಬ್ಬೆರಳು ಹೋಗಿತ್ತು. ಸಣ್ಣ ಗುಂಡಿ ಒತ್ತಲು ಬರುತ್ತಿರಲಿಲ್ಲ.

ಶಾಕೀರಾ ಒಂದೇ ಎಲ್‌ಇಡಿಯ ಬದಲು ನಾಲ್ಕನ್ನು ಒಂದು ಬೋರ್ಡಿನ ಮೇಲೆ ಕೂಡಿಸಿದಳು. ಬೆಳಕು ಅಗಲವಾಗಿ ಹರಡಿತು. ಅಂಗೈಯಿಂದಲೇ ಒತ್ತುವ ಹಾಗೆ ದಪ್ಪ ಸ್ವಿಚ್ಚನ್ನು ಹಿಂಬದಿಗೆ ಹಾಕಿ, ನೀರು ಇಳಿಯದ ಹಾಗೆ ಅದರ ಮೇಲೆ ಸೈಕಲ್ ಟ್ಯೂಬಿನ ರಬ್ಬರು ಹೊದಿಸಿದಳು.

ವಾರದ ನಂತರ ಮಲ್ಲೇಶಪ್ಪ ಮತ್ತೆ ಬಂದ. ಬಯ್ಯಲಿಲ್ಲ. ಬ್ಯಾಟರಿಯನ್ನು ಮೇಜಿನ ಮೇಲಿಟ್ಟ.

"ಅರ್ಧ ಹಾದಿಯೊಳಗ ಆರಿತು ಯವ್ವಾ. ಗ್ವಾಡಿ ಮುಟ್ಟಿಕೋತ ಹೊರಗ ಬಂದೆ."

ಶಾಕೀರಾ ಕೂಡಲೆ ಅದನ್ನು ಎಳೆದುಕೊಂಡಳು. ಬಿಚ್ಚಿ ನೋಡಿದರೆ ಕಾವು ಹೊರಗೆ ಹೋಗಲು ದಾರಿಯಿಲ್ಲದೆ ಡ್ರೈವರ್, ಅಂದರೆ ಎಲ್‌ಇಡಿಗೆ ಎಷ್ಟು ಕರೆಂಟು ಹೋಗಬೇಕೆಂದು ಅಳೆದು ಕೊಡುವ ಬಿಲ್ಲೆ, ಸುಟ್ಟುಹೋಗಿತ್ತು. ಹೊಸ ಡ್ರೈವರ್ ಕೂಡಿಸಿ, ಕರೆಂಟನ್ನು ತುಸು ತಗ್ಗಿಸಿದಳು. ಎಲ್‌ಇಡಿಗಳನ್ನು ದಪ್ಪ ತಾಮ್ರದ ಬೋರ್ಡಿಗೆ ಬೆಸೆದು, ಕಾವು ಹೊರಗೆ ಹೋಗಲೆಂದು ಬೋರ್ಡು ಬ್ಯಾಟರಿಯ ಲೋಹದ ಮೈಗೆ ಬಿಗಿಯಾಗಿ ಅಂಟಿ ಕೂಡುವ ಹಾಗೆ ಮಾಡಿದಳು. ಎರಡು ತಾಸು ಉರಿಸಿಟ್ಟು, ಆಮೇಲೆ ನೀರಿನ ಬಕೀಟಿನಲ್ಲಿ ಮುಳುಗಿಸಿ ನೋಡಿದಳು. ಆದರೂ ಈ ಸಲ ಸುಮ್ಮನೆ ಕೊಟ್ಟು ಕಳಿಸಲು ಮನಸ್ಸು ಒಪ್ಪದೆ ತಾನೇ ಕೆರೆಗೆ ಹೊರಟಳು.

ಅಂದು ತೂಬು ನೋಡಲು ನೀರಾವರಿ ಇಲಾಖೆಯ ಎಂಜಿನಿಯರ್ ನೀಲಾಂಬಿಕಾ ಬಂದಿದ್ದರು. ಮಲ್ಲೇಶಪ್ಪನ ಹಿಂದೆ ಅವರೂ ಒಳಗೆ ಹೋದರು. ಶಾಕೀರಾ ತೂಬಿನ ಬಾಯಿಯ ಹತ್ತಿರ ನಿಂತು ಗಡಿಯಾರ ನೋಡುತ್ತಲೇ ಇದ್ದಳು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಒಳಗಿನ ಬೆಳಕು ಕುಂದಲಿಲ್ಲ.

ಹೊರಗೆ ಬಂದ ನೀಲಾಂಬಿಕಾ ಮೈತುಂಬ ಕೆಸರಾಗಿದ್ದರು. ಚಾವಣಿಯ ಕಲ್ಲಿನಲ್ಲಿ ಎರಡು ಮಾರುದ್ದ ಬಿರುಕು ಇದೆ, ಹಿಂದಿನ ವರ್ಷ ಯಾರಿಗೂ ಕಂಡಿರಲಿಲ್ಲ, ನೀರು ಬಿಡುವ ಮೊದಲೇ ಅದನ್ನು ಮುಚ್ಚಿಸಬೇಕು ಎಂದರು. ಆಮೇಲೆ ಬ್ಯಾಟರಿಯನ್ನು ಕೈಗೆ ತೆಗೆದುಕೊಂಡು, ಇದು ಯಾವ ಕಂಪನಿಯದು ಎಂದು ಕೇಳಿದರು.

"ಕಂಪನಿ ಅಲ್ರಿ ಮೇಡಂ," ಎಂದ ಮಲ್ಲೇಶಪ್ಪ. "ಮಾಡಿದಾಕಿ ಅಲ್ಲೇ ನಿಂತಾಳ ನೋಡ್ರಿ."

ಎಷ್ಟು ಓದಿದ್ದೀಯೆಂದು ಕೇಳುತ್ತಾರೇನೋ ಎಂದು ಶಾಕೀರಾ ಅಂಜಿದಳು. ನೀಲಾಂಬಿಕಾ ಕೇಳಿದ್ದು ಕಾವಿನ ಬಗ್ಗೆ. ಶಾಕೀರಾ ಅಲ್ಲೇ ಏರಿಯ ಮೇಲೆ ಕೂತು, ಬ್ಯಾಟರಿಯನ್ನು ಬಿಚ್ಚಿ ಒಂದೊಂದನ್ನೂ ತೋರಿಸಿ ಹೇಳಿದಳು. ಹೇಳುತ್ತ ಹೋದಂತೆ ದನಿ ಗಟ್ಟಿಯಾಯಿತು. ಸುಟ್ಟ ಮೊದಲಿನ ಡ್ರೈವರಿನ ಕಥೆಯನ್ನೂ ಬಿಡಲಿಲ್ಲ.

"ಒಳಗ ಬಂದು ನೋಡ್ತೀರೇನು?" ಎಂದರು ನೀಲಾಂಬಿಕಾ.

ಶಾಕೀರಾ ಬ್ಯಾಟರಿಯನ್ನು ಮತ್ತೆ ಕೂಡಿಸಿ, ಸೆರಗು ಸಿಕ್ಕಿಸಿ, ಬಗ್ಗಿ ಒಳಗೆ ನಡೆದಳು. ಅಂಗೈಯಿಂದ ಸ್ವಿಚ್ಚು ಒತ್ತಿದ ಕೂಡಲೆ ಎರಡೂ ಬದಿಯ ಗೋಡೆ, ಚಾವಣಿ, ಕಲ್ಲು ಕಡಿದವರ ಉಳಿಯ ಗುರುತು ಎಲ್ಲ ಒಮ್ಮೆಗೇ ಎದ್ದು ಕಂಡವು. ಇಷ್ಟು ಬೆಳಕು ತನ್ನ ಕೈಯಿಂದ ಬಂದದ್ದೇ ಎಂದುಕೊಳ್ಳುತ್ತ ಆಕೆ ಅದನ್ನು ಚಾವಣಿಯುದ್ದಕ್ಕೂ ಹಾಯಿಸಿದಳು. ಬಿರುಕು ಕಂಡಾಗ ಅದರ ಉದ್ದಕ್ಕೂ ಬೆರಳಾಡಿಸಿ ನೋಡಿದಳು.

ಹೊರಗೆ ಬಂದ ಮೇಲೆ ನೀಲಾಂಬಿಕಾ ಉಳಿದ ನೀರಗಂಟಿಗಳಿಗೂ ಇಂಥವೇ ಆರು ಬೇಕೆಂದು ಹೇಳಿ, ಆಕೆಯ ಹೆಸರು ಬರೆದುಕೊಂಡರು.

"ಊರಿನ ಹೆಸರೂ ಬರ್ಕೋರಿ," ಎಂದಳು ಶಾಕೀರಾ. "ಸವಣೂರು."