ಲವ್‌ಡೇ ಕೇಳಿದ ಹೆಸರು

ಲವ್‌ಡೇ ಟ್ರೆಂಬಾತ್ ಮೀನಿಗೆ ಉಪ್ಪು ಹಾಕುವ ಹೆಂಗಸು. ಸಿಟ್ಟಿಗೂ ಉಪ್ಪು ಹಾಕಿಯೇ ಇಟ್ಟಿದ್ದಳು. ವರ್ಷಗಳು ಕಳೆದರೂ ಅದು ಕೆಟ್ಟಿರಲಿಲ್ಲ, ಹುಳ ಬಿದ್ದಿರಲಿಲ್ಲ. ಬೇಕೆನಿಸಿದಾಗ ಹೊರಗೆ ತೆಗೆದು ನೋಡಿದರೆ ಬಲೆಯಿಂದ ಎತ್ತಿದ ದಿನ ಹೇಗಿತ್ತೋ ಹಾಗೇ ಹೊಳೆಯುತ್ತಿತ್ತು.

ಆ ಸಿಟ್ಟೆಲ್ಲ ಒಬ್ಬನ ಮೇಲೆ. ಅವನು ಡಿಗರಿ ಹಾಕಿಂಗ್, ಇಂಗ್ಲೆಂಡಿನ ಅಂಚಿನ ನಮ್ಮ ಮೀನೂರು ಪೋರ್ತೆನ್ನದ ಕೂಗುಗಾರ. ಬೂತಾಯಿ ಮೀನಿನ ಹಿಂಡು ಕೊಲ್ಲಿಯೊಳಗೆ ಬಂದಾಗ ನೀರು ಕೆಂಪಗೆ ತಿರುಗುತ್ತದೆ. ದೋಣಿಯಲ್ಲಿ ಕೂತವನಿಗೆ ಅದು ಕಾಣುವುದಿಲ್ಲ, ಬಂಡೆಯ ನೆತ್ತಿಯಲ್ಲಿ ನಿಂತವನಿಗೇ ಕಾಣಬೇಕು. ಅವನು ಮೊದಲು ಮುಳ್ಳುಪೊದೆಯ ಕಂತೆ ಬೀಸಿ ಆ ಹೊತ್ತು ಬಲೆ ಬಿಡುವ ಸರದಿಯ ದೋಣಿಗೆ ಸನ್ನೆ ಮಾಡಬೇಕು, ಆಮೇಲೆ ಇಡೀ ಊರಿಗೆ ಕೇಳುವ ಹಾಗೆ ‘ಹೆವ್ವಾ’ ಎಂದು ಕೂಗಬೇಕು. ಡಿಗರಿ ಕೂಗಿದರೆ ಪಕ್ಕದೂರಿನ ಕೋಳಿಗಳು ಕಾವು ಬಿಟ್ಟು ಏಳುತ್ತಿದ್ದವು. ದೂರದಲ್ಲಿ ಹೋಗುವ ಫ್ರಾನ್ಸಿನ ಹಡಗುಗಳು ತಮ್ಮನ್ನೇ ಕರೆದರೆಂದು ಮೂತಿ ತಿರುಗಿಸುತ್ತಿದ್ದವು. ಒಮ್ಮೆ ಅವನು ಸೀನಿದ್ದಕ್ಕೇ ಮೂರು ದೋಣಿ ಬಲೆ ಬಿಟ್ಟವು ಎನ್ನುತ್ತಾರೆ. ನಾನು ನೋಡಿಲ್ಲ, ಆದರೆ ನೋಡಿದವರನ್ನು ನೋಡಿದ್ದೇನೆ.

ಅವತ್ತು ಲವ್‌ಡೇಯ ತಮ್ಮ ಜೇಗೊನ ದೋಣಿಯ ಸರದಿ. ಉಳಿದವರು ದೋಣಿಯ ತಳದಲ್ಲಿ ಮೈಚೆಲ್ಲಿದ್ದರು, ಬಂಡೆಯ ಕಡೆ ಕಣ್ಣು ನೆಟ್ಟು ನಿಂತವನು ಜೇಗೊ ಒಬ್ಬನೇ. ದಡದಲ್ಲಿ ಬುಟ್ಟಿ ತೊಳೆಯುತ್ತಿದ್ದ ಲವ್‌ಡೇ ನೀರಿನ ಮೇಲೆ ಹಕ್ಕಿಗಳು ಎರಗುವುದನ್ನು ಕಂಡಳು. ಹಕ್ಕಿ ಎರಗಿದರೆ ಕೆಳಗೆ ಮೀನಿದೆ ಎಂದೇ ಅರ್ಥ. ತಲೆಯೆತ್ತಿ ನೋಡಿದರೆ ಡಿಗರಿ ಕೈಕಟ್ಟಿ ನಿಂತಿದ್ದಾನೆ. ಸರದಿ ಮುಗಿದ ಗಂಟೆ ಬಾರಿಸಿತು, ಮುಂದಿನ ಸರದಿ ಡಿಗರಿಯ ಭಾವಮೈದನದು. ಗಂಟೆಯ ಸದ್ದು ಆರುವ ಮೊದಲೇ ಮೇಲಿಂದ ‘ಹೆವ್ವಾ’ ಬಿತ್ತು, ಹಿಂಡೆಲ್ಲ ಭಾವಮೈದನ ಬಲೆಗೆ ಹೋಯಿತು.

ಯಾಕೆ ಹೀಗಾಯಿತು ಎಂದು ಕೇಳಿದವರಿಗೆ ಡಿಗರಿ ತಣ್ಣಗೆ ಹೇಳಿದ್ದಿಷ್ಟು: ತಾನು ಕೈ ಸೋಲುವಷ್ಟು ಕಂತೆ ಬೀಸಿದೆ, ಜೇಗೊ ನಿಂತಲ್ಲೇ ನಿದ್ದೆ ಹೊಡೆಯುತ್ತಿದ್ದ. ಊರು ನಂಬಿತು. ಕೂಗುಗಾರನನ್ನು ನಂಬದೆ ಮೀನೂರಿನಲ್ಲಿ ಬದುಕುವುದು ಹೇಗೆ? ಅಕ್ಕ ತಮ್ಮನ ಪರ ಹೇಳಿದ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಅಂದಿನಿಂದ ತೂಕಡಿಸಿದವನನ್ನು ಕಂಡರೆ ‘ಏನು, ಜೇಗೊ ಹೊಡೀತಿದ್ದೀಯಾ’ ಎಂದು ನಗುವುದು ಊರಿನ ರೂಢಿಯಾಯಿತು. ಯಾವ ದೋಣಿಯೂ ಜೇಗೊನನ್ನು ಹತ್ತಿಸಿಕೊಳ್ಳಲಿಲ್ಲ. ಮೆಕ್ಸಿಕೊದ ಬೆಳ್ಳಿ ಗಣಿಗೆ ಹೋದ, ಅಲ್ಲೇ ಮಣ್ಣು ಕುಸಿದು ಸತ್ತ. ಸತ್ತ ಸುದ್ದಿ ಬಂದ ವಾರವೂ ಬಾವಿಕಟ್ಟೆಯಲ್ಲಿ ಯಾರೋ ಯಾರಿಗೋ ‘ಜೇಗೊ ಹೊಡೀಬೇಡ, ಕೊಡ ಎತ್ತು’ ಎಂದದ್ದು ಲವ್‌ಡೇಯ ಕಿವಿಗೆ ಬಿತ್ತು. ಆ ಹೆಸರನ್ನು ತೊಳೆಯದೆ ಸಾಯುವುದಿಲ್ಲ ಎಂದು ಅವಳು ಅಲ್ಲೇ ತೀರ್ಮಾನಿಸಿದಳು. ತೊಳೆಯಬೇಕಾದವನು ಹೊಲಸು ಮಾಡಿದವನೇ.

ಮುಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಡಿಗರಿಯನ್ನು ಹಿಡಿದು ನಿಲ್ಲಿಸಿ, ಕಂತೆ ಬೀಸಿದ್ದು ಸುಳ್ಳು ಅಂದಳು. ಡಿಗರಿ ನಕ್ಕ.

“ಹೆಸರು ನೋಡಿದ್ರೆ ಪ್ರೀತಿ ದಿನ, ಬಾಯಿ ಬಿಟ್ರೆ ಚೇಳು. ನಿಮ್ಮಪ್ಪ ಹೆಸರಿಡೋವಾಗ ಕುಡಿದಿದ್ನಾ? ಇನ್ಮೇಲೆ ಆ ಸುಳ್ಳು ಹೆಸರು ನನ್ನ ನಾಲಿಗೆ ಮೇಲೆ ಬರಲ್ಲ. ಬಂದ್ರೆ ನಾಲಿಗೇನೇ ನಿನ್ನ ಉಪ್ಪಿನ ಪೀಪಾಯಿಗೆ ಹಾಕ್ಕೋ.”

ಜನ ನಕ್ಕರು. ಡಿಗರಿ ಮಾತು ಉಳಿಸಿಕೊಂಡ. ಅಂದಿನಿಂದ ಅವಳು ಅವನ ಬಾಯಲ್ಲಿ ‘ಆ ಉಪ್ಪಿನವಳು’.

ಹಾಗೆ ನೋಡಿದರೆ ಆ ಹೆಸರೇ ಈಗ ಯಾರಿಗೂ ಬೇಕಿರಲಿಲ್ಲ. ಅವಳ ಅಜ್ಜಿಯ ಕಾಲದಲ್ಲಿ ಊರಿನ ತುಂಬ ಲವ್‌ಡೇಗಳು: ಬಾವಿಮನೆ ಲವ್‌ಡೇ, ಕುಂಟ ಲವ್‌ಡೇ, ಎರಡು ಸಲ ಮದುವೆಯಾದ ಲವ್‌ಡೇ. ರೈಲು ಬಂದದ್ದೇ ತಡ, ಪತ್ರಿಕೆಗಳೂ ಬಂದವು, ಪತ್ರಿಕೆಗಳ ಜೊತೆ ಎಥೆಲ್, ಮಾಡ್, ಗ್ಲ್ಯಾಡಿಸ್ ಎಂಬ ಹೊಸ ಹೆಸರಿನವರು ಬಂದರು. ಹಳೆಯ ಲವ್‌ಡೇಗಳು ಒಬ್ಬೊಬ್ಬರಾಗಿ ಮಣ್ಣಿಗೆ ಹೋದರು. ಉಳಿದವಳು ಇವಳೊಬ್ಬಳೇ.

ಕಾದಳು. ಡಿಗರಿಗೆ ವಯಸ್ಸಾಗಿ ಮಗ ಪ್ಯಾಸ್ಕೊ ಬಂಡೆ ಏರಿದ. ಪ್ಯಾಸ್ಕೊನ ಹೆಂಡತಿ ವಿಲ್ಮಟ್ ಹೆತ್ತ ಎರಡು ಮಕ್ಕಳೂ ತೊಟ್ಟಿಲಲ್ಲೇ ಹೋದವು. ಮೂರನೆಯದು ಹೆಣ್ಣು, ಉಸಿರಾಡುತ್ತಿತ್ತು. ಎಥೆಲ್ ಎಂದು ಹೆಸರಿಡುತ್ತಾರೆ ಎಂದು ಕೇಳಿದಾಗ ಲವ್‌ಡೇಗೆ ದಾರಿ ಹೊಳೆಯಿತು.

ನಮ್ಮಲ್ಲಿ ಮಗುವನ್ನು ಹೆಸರಿಡಲು ಚರ್ಚಿಗೆ ಒಯ್ಯುವಾಗ ಕೈಯಲ್ಲಿ ಕೇಸರಿ ಬನ್ನು ಹಿಡಿದೇ ಹೋಗುವುದು. ದಾರಿಯಲ್ಲಿ ಮೊದಲು ಎದುರಾದವರಿಗೆ, ಅವರು ಯಾರೇ ಇರಲಿ, ಅದನ್ನು ಕೊಡಬೇಕು. ತಿಂದವರು ಮಗುವಿನ ಪರವಾಗಿ ಒಂದು ಮಾತು ಕೇಳಬಹುದು, ಮನೆಯವರು ಇಲ್ಲವೆನ್ನುವಂತಿಲ್ಲ. ಇಲ್ಲವೆಂದರೆ ಮಗುವಿಗೆ ಒಳ್ಳೆಯದಾಗುವುದಿಲ್ಲ. ಹಾಗಾಗಿ ಎಲ್ಲರೂ ಮಾಡುವ ಕಳ್ಳಾಟ ಒಂದಿದೆ. ಬೇಕಾದ ಅತ್ತೆಯನ್ನೋ ಚಿಕ್ಕಮ್ಮನನ್ನೋ ಮೊದಲೇ ಚರ್ಚಿನ ದಾರಿಯ ನೀರಿನ ಪಂಪಿನ ಮೂಲೆಯಲ್ಲಿ ನಿಲ್ಲಿಸಿರುತ್ತಾರೆ. ಅವಳು ‘ಅಯ್ಯೋ ನೀವಾ’ ಎಂದು ಆಶ್ಚರ್ಯಪಡುತ್ತಾಳೆ, ಬನ್ನು ತಿನ್ನುತ್ತಾಳೆ, ಮಗು ನೂರು ವರ್ಷ ಬಾಳಲಿ ಅನ್ನುತ್ತಾಳೆ.

ಅವತ್ತು ಡಿಗರಿಯ ಮನೆಯವರು ನಿಲ್ಲಿಸಿದ್ದು ಟಾಮ್ಸಿನ್ ಅತ್ತೆಯನ್ನು. ಲವ್‌ಡೇ ಬಂದು ಪಂಪಿಗೆ ಒರಗಿ, ನಿನ್ನ ಹಾಲುಮನೆಯ ಬಾಗಿಲು ತೆರೆದಿದೆ, ಬೆಕ್ಕೊಂದು ಕೆನೆಯ ಬಾಂಡಲೆಯ ಹತ್ತಿರ ಕೂತಿದೆ ಅಂದಳು. ಮಾತು ಸುಳ್ಳಲ್ಲ. ಬಾಗಿಲು ತೆರೆದು ಬೆಕ್ಕನ್ನು ಕೂರಿಸಿ ಬಂದವಳು ಲವ್‌ಡೇಯೇ. ಕೆನೆಗಾಗಿ ಗಂಡನನ್ನಾದರೂ ಮಾರುವ ಟಾಮ್ಸಿನ್ ಲಂಗ ಎತ್ತಿಕೊಂಡು ಓಡಿದಳು. ಅಷ್ಟರಲ್ಲಿ ಮೂಲೆ ತಿರುಗಿ ಬಂತು ಡಿಗರಿಯ ದಂಡು.

ಡಿಗರಿಯ ಕೈಯಲ್ಲಿತ್ತು ಬನ್ನು. ಲವ್‌ಡೇಯನ್ನು ಕಂಡದ್ದೇ ನಿಂತ. ತಿರುಗಿ ಬೇರೆ ದಾರಿಯಲ್ಲಿ ಹೋಗೋಣ ಎಂದ. ಮಗುವನ್ನೆತ್ತಿಕೊಂಡಿದ್ದ ವಿಲ್ಮಟ್ ಬಿಳಿಚಿಕೊಂಡು, ಈಗ ಬೆನ್ನು ತಿರುಗಿಸಿದರೆ ಈ ಮಗುವೂ ಉಳಿಯುವುದಿಲ್ಲ, ಕೊಟ್ಟುಬಿಡಿ ಎಂದಳು. ಕೊಟ್ಟ. ಲವ್‌ಡೇ ಒಂದು ಚೂರೂ ಬಿಡದೆ ತಿಂದಳು, ಬೆರಳಿಗಂಟಿದ ದ್ರಾಕ್ಷಿಯನ್ನೂ ನೆಕ್ಕಿದಳು.

“ಎರಡ್ರಲ್ಲಿ ಒಂದು ಕೊಡು ಡಿಗರಿ. ಜೇಗೊ ಅವತ್ತು ಎಚ್ಚರವಾಗೇ ಇದ್ದ ಅಂತ ಚರ್ಚಲ್ಲಿ ಹೇಳು. ಆಗಲ್ವಾ, ಮಗೂಗೆ ನನ್ನ ಹೆಸರಿಡು. ಪಾದ್ರಿಗೆ ಹೆಸರು ಹೇಳೋನು ನೀನೇ ಆಗ್ಬೇಕು.”

ಡಿಗರಿ ಸಮುದ್ರ ನೋಡಿದ, ಸೊಸೆಯನ್ನು ನೋಡಿದ. “ಹೆಸರೇ ಆಗ್ಲಿ” ಎಂದು ಹಲ್ಲು ಕಚ್ಚಿಕೊಂಡೇ ಅಂದ. ನಿಜಕ್ಕಿಂತ ಹೆಸರು ಅಗ್ಗ ಅಂದುಕೊಂಡನೇನೋ.

ಪಾದ್ರಿಗಳು ಟೇಮರ್ ಹೊಳೆಯಾಚೆಯ ಹೊರಗಿನವರು, ಕಿವಿ ಮಂದ. ಹೆಸರೇನು ಎಂದು ಕೇಳಿದಾಗ ಡಿಗರಿ ಗಡ್ಡದೊಳಗೇ ಏನೋ ಅಂದ. ಕೇಳಿಸಲಿಲ್ಲ ಎಂದರು ಪಾದ್ರಿಗಳು. ಮತ್ತೊಮ್ಮೆ ಅಂದ. ಲಿಡಿಯಾ ಎಂದಿರಾ, ಎಂದರು. ಹಿಂದಿನ ಬೆಂಚಿನಲ್ಲಿ ಲವ್‌ಡೇ ಕೈಕಟ್ಟಿ ಕೂತಿದ್ದಳು. ಕೊನೆಗೆ ಡಿಗರಿಗೆ ರೋಷ ಉಕ್ಕಿ, ಬಂಡೆಯ ಮೇಲಿನ ಗಂಟಲನ್ನು ಎತ್ತಿ “ಲವ್‌ಡೇ” ಎಂದ ನೋಡಿ, ಮೇಣದ ಬತ್ತಿಗಳೆಲ್ಲ ಆರಿದವು, ಬಂದರಿನಲ್ಲಿದ್ದ ದೋಣಿಗಳು ಮೀನು ಬಂತೆಂದು ಬಲೆ ಹೊತ್ತು ಹೊರಟೇಬಿಟ್ಟವು. ಪಾದ್ರಿಗಳಿಗೆ ಮಾತ್ರ ಬಹಳ ಖುಷಿಯಾಯಿತು. ಒದ್ದೆ ಮಗುವನ್ನು ಕೈಯಲ್ಲಿ ಹಿಡಿದೇ ವಿವರಿಸಿದರು. ಹಿಂದಿನ ರಾಜರ ಕಾಲದಲ್ಲಿ ಕಚ್ಚಾಡಿಕೊಂಡವರು ಕೋರ್ಟು ಹತ್ತುವ ಬದಲು ಒಂದು ದಿನ ಗೊತ್ತುಮಾಡಿ ಎದುರುಬದುರು ಕೂತು ರಾಜಿಯಾಗುತ್ತಿದ್ದರಂತೆ. ಆ ದಿನಕ್ಕೆ ಲವ್‌ಡೇ ಎಂದೇ ಹೆಸರು. ಅಂಥ ದಿನ ಹುಟ್ಟಿದ ಕೂಸಿಗೆ, ಗಂಡಾದರೂ ಹೆಣ್ಣಾದರೂ, ಅದನ್ನೇ ಇಡುತ್ತಿದ್ದರಂತೆ. ಇಂಗ್ಲೆಂಡಿನ ಉಳಿದೆಡೆ ರಾಜಿಯ ದಿನವೂ ಹೋಯಿತು, ಹೆಸರೂ ಹೋಯಿತು, ನಿಮ್ಮ ಈ ಸಮುದ್ರದಂಚಿನಲ್ಲಿ ಮಾತ್ರ ಉಳಿದಿದೆ, ಎಂಥ ಸುಂದರ ಅರ್ಥ, ಎಂದರು. ಡಿಗರಿ ಬೆವರುತ್ತಿದ್ದ. ಲವ್‌ಡೇಗೆ ಆ ಅರ್ಥ ಹುಟ್ಟಿದಾಗಿನಿಂದ ಗೊತ್ತಿತ್ತು. ರಾಜಿಯಾಗಬೇಕೆಂದರೆ ಮೊದಲು ಇಬ್ಬರೂ ನಿಜ ಹೇಳಬೇಕು, ಅದನ್ನು ಪಾದ್ರಿಗಳು ಹೇಳಲು ಮರೆತರು ಎಂದುಕೊಂಡಳು.

ಮಗು ಬದುಕಿತು. ಬದುಕಿದ್ದಷ್ಟೇ ಅಲ್ಲ, ಕುಂಬಳಕಾಯಿಯ ಹಾಗೆ ಉರುಟಾಯಿತು. ನಡೆಯಲು ಕಲಿತದ್ದೇ ಬಂಡೆ, ಬಲೆ, ದೋಣಿ ಎಂದು ಎಲ್ಲೆಂದರಲ್ಲಿ ಓಡುತ್ತಿತ್ತು. ಅದನ್ನು ಕರೆಯುವ ಕೆಲಸ ಡಿಗರಿಯದು. ಬೆಳಗಾದರೆ ಅವನು ಅಂಗಳದಲ್ಲಿ ನಿಂತು “ಲವ್‌ಡೇ” ಎಂದು ಕೂಗುವುದು, ಕೆಳಗಿನ ಉಪ್ಪಿನ ಕೊಟ್ಟಿಗೆಯಿಂದ ದೊಡ್ಡ ಲವ್‌ಡೇ ಹೊರಗೆ ಬಂದು “ಇಲ್ಲಿದ್ದೀನಿ ಡಿಗರಿ, ಏನೋ ಹೇಳ್ಬೇಕಿತ್ತಾ?” ಎಂದು ಕೇಳುವುದು. ಉಪ್ಪು ಹಾಕುವ ಹೆಂಗಸರು ಸೆರಗಿಲ್ಲದ್ದಕ್ಕೆ ಅಂಗೈಯಲ್ಲೇ ಬಾಯಿ ಮುಚ್ಚಿಕೊಂಡು ನಗುವುದು. ಮಳೆಯಿರಲಿ, ಬಿಸಿಲಿರಲಿ, ಇದು ತಪ್ಪುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ಎರಡು ಕೂಸು ಕಳೆದುಕೊಂಡ ಮನೆಯಲ್ಲಿ ಲವ್‌ಡೇಯ ಕೈಗೆ ಬನ್ನು ಹೋದ ಕೂಸು ಉಳಿಯಿತು ಎಂಬುದು ಬಸುರಿಯರ ಕಿವಿಗೆ ಬಿದ್ದದ್ದೇ ಸಾಕು, ಊರಿನ ತಾಯಂದಿರೆಲ್ಲ ಬಂದು, ಚಿಕ್ಕಮ್ಮ, ನಮ್ಮದಕ್ಕೂ ಪಂಪಿನ ಹತ್ತಿರ ನೀವೇ ನಿಲ್ಲಬೇಕು ಎಂದು ಗೋಗರೆದರು. ನಿಂತಳು. ಬನ್ನು ತಿಂದು ತಿಂದು ಸೊಂಟ ದಪ್ಪವಾಯಿತು. ಹೆಣ್ಣಾದರೆ ಅವಳು ಕೇಳುತ್ತಿದ್ದದ್ದು ಒಂದೇ, ನನ್ನ ಹೆಸರಿಡಿ. ಎಥೆಲ್, ಮಾಡ್ ಎಲ್ಲ ಬಂದ ರೈಲಿನಲ್ಲೇ ವಾಪಸ್ಸಾದರು. ಕೆಲವೇ ವರ್ಷಗಳಲ್ಲಿ ಡಿಗರಿ ಮೊಮ್ಮಗಳನ್ನು ಒಮ್ಮೆ ಕರೆದರೆ ಬೀದಿಯ ತುಂಬ ಲವ್‌ಡೇಗಳು ಓಡಿ ಬರತೊಡಗಿದರು, ಅವರ ಹಿಂದೆ ಅದೇ ಹೆಸರಿನ ಒಂದು ಆಕಳೂ ಬಂತು.

ಗಂಡು ಕೂಸುಗಳಿಗೆ ಮಾತ್ರ ಅವಳು ಏನೂ ಕೇಳುತ್ತಿರಲಿಲ್ಲ. ಬನ್ನು ತಿಂದು, ಬಾಳಲಿ ಎಂದು ಹೊರಟುಬಿಡುತ್ತಿದ್ದಳು. ಕೇಳಬೇಕಾದ ಹೆಸರೊಂದನ್ನು ಅವಳು ಒಂದೇ ಮನೆಗಾಗಿ ಇಟ್ಟುಕೊಂಡಿದ್ದಳು.

ವಿಲ್ಮಟ್‌ಗೆ ಗಂಡು ಮಗುವಾಯಿತು. ಡಿಗರಿ ಬೇರೆ ಯಾರನ್ನಾದರೂ ನಿಲ್ಲಿಸಿ ಎಂದು ಬೇಡಿದ, ಕಾಲು ಹಿಡಿಯುವುದೊಂದು ಬಾಕಿ. ಸೊಸೆ ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳಿಗೆ ಆ ಕೈಯ ಮೇಲೆ ನಂಬಿಕೆ. ಭಾನುವಾರ ಬೆಳಿಗ್ಗೆ ಇಡೀ ಊರು ಪಂಪಿನ ಹತ್ತಿರ ಸೇರಿತು. ಲವ್‌ಡೇ ಬನ್ನನ್ನು ನಿಧಾನವಾಗಿ ತಿಂದು ಕೈ ಒರೆಸಿಕೊಂಡಳು.

“ಜೇಗೊ ಅಂತ ಇಡಿ” ಎಂದಳು.

ಯಾರೂ ನಗಲಿಲ್ಲ. ಡಿಗರಿಯ ಮುಖ ಉಪ್ಪು ಕಂಡ ಮೀನಿನ ಹಾಗೆ ಸುಕ್ಕುಗಟ್ಟಿತು.

“ಬೇರೆ ಏನಾದ್ರೂ ಕೇಳು. ಕೂಗುಗಾರನ ಮನೆ ಮಗ ಇವನು, ನಾಳೆ ಬಂಡೆ ಮೇಲೆ ನಿಲ್ಲೋನು. ಆ ಹೆಸರಿಟ್ಕೊಂಡು ನಿಂತ್ರೆ ಯಾವ ದೋಣಿಯೋನು ಇವನನ್ನ ನಂಬ್ತಾನೆ?”

“ಯಾಕ್ ನಂಬಲ್ಲ? ಹೆಸರಲ್ಲಿ ಏನಾಗಿದೆ?”

“ನಿದ್ದೆಬಡುಕ ಅಂತ ಊರೆಲ್ಲಾ ಆಡ್ಕೊಳ್ಳುತ್ತೆ, ನಿನಗೆ ಗೊತ್ತಿಲ್ವಾ?”

“ಗೊತ್ತು. ಊರಿಗೆ ಅದನ್ನ ಕಲಿಸಿದ್ದು ಯಾರು ಅಂತ್ಲೂ ಗೊತ್ತು.”

ಡಿಗರಿ ಮಗನ ಕಡೆ ತಿರುಗಿದ. ಪ್ಯಾಸ್ಕೊ ತಲೆ ತಗ್ಗಿಸಿದ. ಮಾತಾಡಿದವಳು ವಿಲ್ಮಟ್.

“ಮಾವ, ಕೊಟ್ಟ ಬನ್ನು ವಾಪಸ್ ಬರಲ್ಲ. ನನ್ನ ಮಗ ಜೇಗೊನೇ. ಆ ಹೆಸರಿಗೆ ನೀವು ಏನು ಮಾಡಿದ್ದೀರೋ ನನಗೆ ಗೊತ್ತಿಲ್ಲ. ಮಾಡಿದ್ರೆ, ಹೋಗಿ ಸರಿ ಮಾಡಿ ಬನ್ನಿ. ಅಲ್ಲೀವರೆಗೂ ನಾವ್ಯಾರೂ ಚರ್ಚಿಗೆ ಹೋಗಲ್ಲ.”

ಡಿಗರಿ ಕೂಸಿನ ಮುಖ ನೋಡಿದ. ಕೊನೆಗೆ ಲವ್‌ಡೇಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಮೀನು ಕಂಡಿದ್ದೆ, ಕಂತೆ ಬೀಸಲಿಲ್ಲ, ಗಂಟೆ ಬಾರಿಸಲಿ ಎಂದು ಕಾದೆ, ನಿನ್ನ ತಮ್ಮ ನನ್ನನ್ನೇ ನೋಡುತ್ತ ನಿಂತಿದ್ದ ಎಂದು ಹೇಳಿದ. ಅವಳ ಮುಖದಲ್ಲಿ ಒಂದು ಗೆರೆಯೂ ಸಡಿಲಲಿಲ್ಲ.

“ನನ್ನ ಕಿವೀಲಿ ಹೇಳಿ ಏನ್ ಬಂತು? ನನಗೆ ಅವತ್ತೇ ಗೊತ್ತಿತ್ತು. ಎಲ್ಲಿ ನಿಂತು ಕಂತೆ ಬೀಸ್ಲಿಲ್ವೋ ಅಲ್ಲೇ ಹೋಗಿ ನಿಂತು ಊರಿಗೆಲ್ಲಾ ಕೂಗಿ ಹೇಳು.”

ಮುದುಕ ಬಂಡೆ ಹತ್ತಿದ. ಎರಡು ಕಡೆ ಕೂತು ಸುಧಾರಿಸಿಕೊಂಡ. ಕೆಳಗೆ ಜನ ಕತ್ತೆತ್ತಿ ನಿಂತರು, ಬಂದರಿನ ದೋಣಿಗಳಲ್ಲಿ ಗಂಡಸರು ಎದ್ದು ನಿಂತರು. ನೆತ್ತಿ ಮುಟ್ಟಿ ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ:

“ಜೇಗೊ ಎಚ್ಚರವಾಗಿದ್ದ. ಕಂತೆ ಬೀಸದೇ ಇದ್ದೋನು ನಾನು.”

ಕೊಲ್ಲಿಯ ಎರಡೂ ದಡಗಳು ಅದನ್ನು ಮತ್ತೆ ಆಡಿದವು. ಪಕ್ಕದೂರಿನಲ್ಲೂ ಕೇಳಿಸಿತಂತೆ, ಅಲ್ಲಿಯ ಪೂಜೆ ಅರ್ಧಕ್ಕೆ ನಿಂತಿತಂತೆ. ಡಿಗರಿಯ ಭಾವಮೈದ ದೋಣಿಯಲ್ಲೇ ಕುಸಿದು ಕೂತ. ಅಂದು ತಳದಲ್ಲಿ ಮಲಗಿದ್ದ ಹಳೆಯ ಜೊತೆಗಾರನೊಬ್ಬ ಟೋಪಿ ತೆಗೆದು ಎದೆಗೊತ್ತಿಕೊಂಡ. ಮೇಲೆ ಡಿಗರಿ ಮೊಣಕಾಲೂರಿದ್ದ, ಅವನ ಭುಜ ಅಲುಗುವುದು ಕೆಳಗಿನವರಿಗೂ ಕಾಣುತ್ತಿತ್ತು.

ಟಾಮ್ಸಿನ್ ಅತ್ತೆ ಕಣ್ಣೊರೆಸಿಕೊಂಡು ಲವ್‌ಡೇಯ ತೋಳು ಹಿಡಿದಳು. ಸಾಕು ಬಿಡೇ, ವಯಸ್ಸಾದವನು, ಹೇಳಿದನಲ್ಲ, ಕೆಳಗಿಳಿಯಲು ಹೇಳು ಎಂದಳು.

ಲವ್‌ಡೇ ತೋಳು ಬಿಡಿಸಿಕೊಂಡಳು.

“ಸಾಕೋ ಬೇಡ್ವೋ ಅನ್ನೋಕೆ ಜೇಗೊ ಇಲ್ಲ ಕಣೆ. ಅವನ ಪರವಾಗಿ ನಾನು ಹೇಳ್ತೀನಿ.”

ಅಂಗೈ ಎರಡನ್ನೂ ಬಾಯಿಗೆ ಹಿಡಿದು ಬಂಡೆಯ ಕಡೆ ತಿರುಗಿದಳು.

“ಇನ್ನೊಂದ್ಸಲ ಡಿಗರಿ. ಸಮುದ್ರದ ಕಡೆ ತಿರುಗಿ ಹೇಳು. ಮೆಕ್ಸಿಕೊ ಆ ಕಡೆ ಇದೆ.”